ಒಂದು ನಿಮಿಷದ ಟೆಸ್ಟು, ರಾಯಚೂರಿನ ಬಿಸಿಲು

ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಕಂಪ್ಯೂಟರ್ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಟೇಬಲ್ಲು. ಪಿಸಿ ಅಸೆಂಬಲ್ ಮಾಡೋದು, ಹೊಸ ಮದರ್‌ಬೋರ್ಡು ಬಂದರೆ ಟೆಸ್ಟ್ ಮಾಡಿ ಯಾರಿಗೆ ಯಾವುದನ್ನು ಕೊಡಬಹುದು ಅಂತ ಕೆಳಗಿನ ಕೌಂಟರಿಗೆ ಹೇಳೋದು ನನ್ನ ಕೆಲಸ. ಆ ಹೇಳೋದರಲ್ಲೇ ಒಮ್ಮೆ ಸರಿಯಾಗಿ ಎಡವಿದೆ.

ರಾಯಚೂರಿನಿಂದ ಒಬ್ಬ ಫೋಟೋ ಸ್ಟುಡಿಯೋದವರು ಬಂದಿದ್ದರು. ಮದುವೆ ವಿಡಿಯೋ ಎಡಿಟಿಂಗ್ ಕೆಲಸ. ಇಂಟೆಲ್ ಐ7-12700 ಸಿಪಿಯು ಬೇಕೇ ಬೇಕು, ಆದರೆ ಬಜೆಟ್ಟು ಬಿಗಿ. ನನ್ನ ಹತ್ತಿರ ಎರಡು ಬೋರ್ಡು ಇದ್ದವು. ಒಂದು ಎಚ್610, ಸಿಪಿಯುಗೆ ಕರೆಂಟು ಹದ ಮಾಡಿ ಕೊಡುವ ವಿಆರ್‌ಎಂ ಭಾಗದ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕೇ ಇಲ್ಲ, ಬೋಳು. ಇನ್ನೊಂದು ಬಿ660, ಎರಡು ಕಡೆ ದಪ್ಪ ಹೀಟ್‌ಸಿಂಕ್, ಬೆಲೆಯೂ ದಪ್ಪ. ಎರಡನ್ನೂ ಟೇಬಲ್ ಮೇಲೆ ಹಾಗೇ ಇಟ್ಟು, ಬಾಕ್ಸಲ್ಲಿ ಬಂದ ಕೂಲರನ್ನೇ ಹಾಕಿ, ಸಿಪಿಯು ವೇಗ ಅಳೆಯುವ ಸಿನೆಬೆಂಚ್ ಓಡಿಸಿದೆ. ಅದರ ಹತ್ತು ನಿಮಿಷದ ಟೆಸ್ಟಿಗೆ ಕಾಯುವ ತಾಳ್ಮೆ ಯಾರಿಗಿದೆ, ಕೆಳಗಿನಿಂದ ಆಗಲೇ ಎರಡು ಸಲ ಕೂಗಿದ್ದರು. ಒಂದೇ ಸುತ್ತು ಓಡಿಸಿದೆ, ಒಂದು ನಿಮಿಷವೂ ಆಗಲಿಲ್ಲ. ವ್ಯತ್ಯಾಸ ಶೇಕಡಾ ಒಂದೋ ಎರಡೋ. "ಸುಮ್ನೆ ದುಡ್ಡು ಯಾಕೆ ಜಾಸ್ತಿ ಕೊಡ್ತೀರ, ಎರಡೂ ಒಂದೇ" ಅಂದೆ. ಅಷ್ಟೇ ಅಲ್ಲ, ಉಳಿದ ದುಡ್ಡಲ್ಲಿ ಎತ್ತರದ ಟವರ್ ಕೂಲರ್ ಹಾಕಿಸಿ ಕಳಿಸಿದೆ. ಅವತ್ತು ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಏಪ್ರಿಲ್‌ನಲ್ಲಿ ಫೋನ್ ಬಂತು.

"ಸರ, ಎಕ್ಸ್‌ಪೋರ್ಟ್ ಹಚ್ಚಿದ್ರ ಮೊದ್ಲಿಗೆ ಕುದುರಿ ಹಂಗ ಓಡ್ತದ್ರೀ, ಕಾಲು ತಾಸಾದ ಮ್ಯಾಲ ಎತ್ತಿನ ಬಂಡಿ ಆಗ್ತದ. ನಮ್ಮ ಹಳೇದೇ ಚೊಲೋ ಇತ್ತಲ್ರೀ."

ಎನಿಡೆಸ್ಕ್‌ನಲ್ಲಿ ಇಲ್ಲಿಂದಲೇ ಅವರ ಪಿಸಿ ಒಳಗೆ ಹೋಗಿ, ಬಿಸಿ, ವೇಗ ಎಲ್ಲ ತೋರಿಸುವ ಎಚ್‌ಡಬ್ಲ್ಯೂಇನ್ಫೋ ತೆರೆದೆ. ಸಿಪಿಯು ತಂಪಾಗೇ ಇದೆ, ಟವರ್ ಕೂಲರ್ ತನ್ನ ಕೆಲಸ ಮಾಡುತ್ತಿದೆ. ಆದರೆ ಕ್ಲಾಕು, ಅಂದರೆ ಸಿಪಿಯು ಓಡುವ ವೇಗ, ಧಡಕ್ಕನೆ ಕೆಳಗೆ ಬೀಳುತ್ತೆ, ಸ್ವಲ್ಪ ಏಳುತ್ತೆ, ಮತ್ತೆ ಬೀಳುತ್ತೆ. ಕೆಳಗೆ ಕಾರಣಗಳ ಪಟ್ಟಿಯಲ್ಲಿ 'ವಿಆರ್ ಥರ್ಮಲ್ ಅಲರ್ಟ್' ಎದುರು 'ಯೆಸ್' ಅಂತ ಬಂದಿತ್ತು. ಬಿಸಿಯಾಗಿದ್ದು ಸಿಪಿಯು ಅಲ್ಲ, ಬೋರ್ಡಿನ ಆ ಬೋಳು ಭಾಗ. ಅದು ಸುಟ್ಟುಕೊಳ್ಳಬಾರದು ಅಂತ ಬೋರ್ಡೇ ಸಿಪಿಯುವಿನ ಲಗಾಮು ಎಳೆಯುತ್ತಿತ್ತು.

ಇಲ್ಲಿ ನನ್ನ ತಪ್ಪು ಒಂದಲ್ಲ. ಬಾಕ್ಸಿನ ಕೂಲರ್ ಗಾಳಿಯನ್ನು ಕೆಳಗೆ ಊದುತ್ತೆ, ಆ ಗಾಳಿ ಸುತ್ತ ಹರಡಿ ವಿಆರ್‌ಎಂಗೂ ತಾಗುತ್ತೆ. ಟವರ್ ಕೂಲರ್ ಗಾಳಿಯನ್ನು ಅಡ್ಡ ತಳ್ಳುತ್ತೆ, ಕೆಳಗಿನ ಬೋರ್ಡಿಗೆ ಏನೂ ಸಿಗಲ್ಲ. ಅಂದರೆ ನಾನು ಟೆಸ್ಟ್ ಮಾಡಿದ್ದು ಒಂದು ಸೆಟಪ್ಪು, ಕೊಟ್ಟಿದ್ದು ಇನ್ನೊಂದು! ನನ್ನ ಟೇಬಲ್ಲು ಬೆಂಗಳೂರಿನ ತಂಪು ಕೋಣೆಯಲ್ಲಿ, ಬಟಾಬಯಲು. ಅವರದು ರಾಯಚೂರಿನ ಬೇಸಿಗೆಯಲ್ಲಿ, ಮುಚ್ಚಿದ ಕ್ಯಾಬಿನೆಟ್ಟಿನೊಳಗೆ, ಗೋಡೆಗೆ ಒತ್ತಿ ಇಟ್ಟಿದ್ದು.

ಬೋರ್ಡಿನ ಸೆಟ್ಟಿಂಗುಗಳಿರುವ ಬಯೋಸ್ ಪರದೆಯ ಫೋಟೋ ವಾಟ್ಸಾಪಲ್ಲಿ ಕಳಿಸಲು ಹೇಳಿದೆ. ಈ ಸಿಪಿಯುಗೆ ಇಂಟೆಲ್ ಹೇಳುವ ಲೆಕ್ಕ 65 ವಾಟ್, ಜೋರು ಓಟದ ಟರ್ಬೋದಲ್ಲಿ 180ರ ವರೆಗೆ. ಫೋಟೋದಲ್ಲಿ ಪಿಎಲ್1 (ಸದಾ ಎಳೆಯಬಹುದಾದ ವಾಟ್ ಮಿತಿ) ಎದುರು 4095 ಅಂತ ಇತ್ತು. ಮಿತಿಯೇ ಇಲ್ಲ, ಬೇಕಾದಷ್ಟು ಎಳೆದುಕೋ ಅಂತ ಅದರ ಅರ್ಥ. ನಾನು ಮುಟ್ಟಿದ್ದಲ್ಲ, ಬೋರ್ಡು ಬಂದಿದ್ದೇ ಹಾಗೆ. ಫೋನಲ್ಲೇ ಪಿಎಲ್1, ಟರ್ಬೋ ಮಿತಿಯಾದ ಪಿಎಲ್2 ಎರಡನ್ನೂ 65ಕ್ಕೆ ಇಳಿಸಿದೆವು. ತಮಾಷೆ ನೋಡಿ, ಕಡಿಮೆ ಕರೆಂಟು ಕೊಟ್ಟ ಮೇಲೆ ಅದೇ ಎಕ್ಸ್‌ಪೋರ್ಟು ಬೇಗ ಮುಗಿಯಿತು. ಓಡಿ ಬಿದ್ದು ಎದ್ದು ಓಡುವುದಕ್ಕಿಂತ ಒಂದೇ ಸಮ ನಡೆಯುವುದೇ ವಾಸಿ ಆಯಿತು.

ನಮ್ಮ ಯಜಮಾನರಿಗೆ ಇದನ್ನು ವಿವರಿಸೋದು ಇನ್ನೊಂದು ಕಷ್ಟ. ಅವರು ಹಳೆ ಕಾಲದವರು, "ಬೋರ್ಡು ಚೆನ್ನಾಗಿದ್ದರೆ ಸ್ಪೀಡು ಜಾಸ್ತಿ" ಅನ್ನೋದೇ ಅವರ ಮಾತು. ಅವರ ಕಾಲಕ್ಕೆ ಅದು ನಿಜವೇ. ಆಗ ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರು ಬೋರ್ಡಿನ ನಾರ್ತ್‌ಬ್ರಿಡ್ಜ್ ಚಿಪ್ಪಿನಲ್ಲಿ ಇರುತ್ತಿತ್ತು, ಹಾಗಾಗಿ ಚಿಪ್‌ಸೆಟ್ಟು ಬದಲಾದರೆ ಸ್ಪೀಡೂ ಬದಲಾಗುತ್ತಿತ್ತು. 2003ರಲ್ಲಿ ಎಎಂಡಿ ಅಥ್ಲಾನ್ 64, 2008ರ ಕೊನೆಗೆ ಇಂಟೆಲ್ಲಿನ ಮೊದಲ ಕೋರ್ ಐ7, ಎರಡೂ ಅದನ್ನು ಸಿಪಿಯುವಿನ ಒಳಗೇ ಎಳೆದುಕೊಂಡವು. ಅದಾದ ಮೇಲೆ ಒಂದೇ ಸಿಪಿಯು, ಒಂದೇ ರ‍್ಯಾಮು, ಒಂದೇ ಸೆಟ್ಟಿಂಗು ಇದ್ದರೆ ಎರಡು ಬೋರ್ಡುಗಳ ಸ್ಕೋರು ಹೆಚ್ಚುಕಡಿಮೆ ಒಂದೇ ಬರಬೇಕು. ಒಂದು ಬೋರ್ಡು ಜೋರಾಗಿ ಮುಂದೆ ಹೋಯಿತು ಅಂದರೆ ನಾನು ಖುಷಿಪಡಲ್ಲ, ಅನುಮಾನ ಪಡ್ತೀನಿ. ಬಹಳ ಸಲ ಅದು ಸದ್ದಿಲ್ಲದೆ ವಾಟ್ ಜಾಸ್ತಿ ಎಳೆಯುತ್ತಿರುತ್ತೆ.

ಅನುಮಾನ ಪಡದಿದ್ದರೆ ಏನಾಗುತ್ತೆ ಅಂತ ನಮ್ಮ ಹೊಸ ಹುಡುಗ ತೋರಿಸಿಕೊಟ್ಟ. ನಾಲ್ಕು ಸ್ಲಾಟಿನ ದುಬಾರಿ ಬೋರ್ಡು, ಎರಡು ಸ್ಲಾಟಿನ ಅಗ್ಗದ ಬೋರ್ಡು. ಅಗ್ಗದ್ದೇ ಗೆದ್ದಿತು, ಅದೂ ಭಾರೀ ಅಂತರದಲ್ಲಿ. "ಅಣ್ಣಾ, ದುಬಾರಿದು ಡಬ್ಬಾ" ಅಂತ ಹೇಳಿಕೊಂಡು ಬಂದ. ಹೋಗಿ ನೋಡಿದರೆ ಎರಡು ರ‍್ಯಾಮ್ ಕಡ್ಡಿಗಳನ್ನೂ ಸಿಪಿಯು ಪಕ್ಕದ ಒಂದನೇ, ಎರಡನೇ ಸ್ಲಾಟಿಗೆ ಜೋಡಿಯಾಗಿ ಹಾಕಿದ್ದಾನೆ. ಅವೆರಡೂ ಒಂದೇ ಚಾನೆಲ್, ಅಂದರೆ ಸಿಪಿಯುಗೆ ಡೇಟಾ ಹೋಗುವ ಒಂದೇ ದಾರಿ. ಎರಡು ಮತ್ತು ನಾಲ್ಕಕ್ಕೆ ಹಾಕಬೇಕಿತ್ತು. ಡಿಡಿಆರ್4-3200ಕ್ಕೆ ಒಂದು ಚಾನೆಲ್ಲಿಗೆ ಸೆಕೆಂಡಿಗೆ 25.6 ಜಿಬಿ, ಎರಡಾದರೆ 51.2. ಅರ್ಧ ಗದ್ದೆಗೆ ನೀರೇ ಬಿಟ್ಟಿರಲಿಲ್ಲ ಅಷ್ಟೇ. ಅಗ್ಗದ ಬೋರ್ಡಿನಲ್ಲಿ ಇರೋದೇ ಎರಡು ಸ್ಲಾಟು, ತಪ್ಪು ಮಾಡಲು ಜಾಗವೇ ಇಲ್ಲ. ಬೈಯಲಿಲ್ಲ, ಬೈಯಲು ನನಗೆ ಯೋಗ್ಯತೆ ಎಲ್ಲಿತ್ತು.

ಈಗ ಹೋಲಿಸುವ ಮೊದಲು ಬಯೋಸ್ ವರ್ಷನ್, ಪಿಎಲ್1, ಪಿಎಲ್2, ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ಸ್ಪೀಡಿಗೆ ಏರಿಸುವ ಸೆಟ್ಟಿಂಗು) ಆನ್ ಇದೆಯಾ ಇಲ್ವಾ, ರ‍್ಯಾಮ್ ನಿಜವಾಗಿ ಯಾವ ಸ್ಪೀಡಲ್ಲಿ ಓಡ್ತಿದೆ, ಕೋಣೆಯ ಬಿಸಿ ಎಷ್ಟು, ಎಲ್ಲವನ್ನೂ ಒಂದು ನೋಟ್‌ಬುಕ್ಕಲ್ಲಿ ಬರೆದುಕೊಳ್ತೀನಿ. ವಿಂಡೋಸ್ ಅಪ್‌ಡೇಟು ಹಿಂದೆ ಓಡ್ತಿದ್ದರೆ ಅದು ಮುಗಿಯುವ ತನಕ ಮುಟ್ಟಲ್ಲ. ಬಯೋಸ್ ವರ್ಷನ್ ಯಾಕೆ ಅಂದರೆ, 13 ಮತ್ತು 14ನೇ ತಲೆಮಾರಿನ ಇಂಟೆಲ್ ಸಿಪಿಯುಗಳ ತೊಂದರೆಗೆ 2024ರ ಆಗಸ್ಟಿನಲ್ಲಿ ಬಯೋಸ್ ಮೂಲಕ ಹೊಸ ಮೈಕ್ರೋಕೋಡ್ (ಸಿಪಿಯು ಒಳಗಿನ ಸೂಚನೆಗಳ ತಿದ್ದುಪಡಿ) ಬಂತಲ್ಲ, ಅದರ ಮುಂಚಿನ ಸ್ಕೋರನ್ನೂ ಆಮೇಲಿನ ಸ್ಕೋರನ್ನೂ ಪಕ್ಕಪಕ್ಕ ಇಡೋದು ಸರಿಯಲ್ಲ. ಆಮೇಲೆ ಕ್ಯಾಬಿನೆಟ್ ಮುಚ್ಚಿ, ಗಿರಾಕಿಗೆ ಕೊಡುವ ಕೂಲರನ್ನೇ ಹಾಕಿ, ಅರ್ಧ ಗಂಟೆ ಬಿಡದೆ ಓಡಿಸ್ತೀನಿ. ನೋಡೋದು ಮೊದಲ ನಿಮಿಷದ ಸ್ಕೋರನ್ನಲ್ಲ, ಇಪ್ಪತ್ತೈದನೇ ನಿಮಿಷದ ಕ್ಲಾಕನ್ನು. ಪ್ಲಗ್ಗಿಗೆ ಒಂದು ವಾಟ್ ಮೀಟರ್ ಸಿಕ್ಕಿಸಿರ್ತೀನಿ. ಮೂರು ಸಲ ಓಡಿಸಿದ ಮೇಲೂ ವ್ಯತ್ಯಾಸ ಶೇಕಡಾ ಎರಡರ ಒಳಗಿದ್ದರೆ ಎರಡೂ ಸಮ ಅಂತಲೇ ಬರೀತೀನಿ. ಕೆಳಗಿನಿಂದ ಕೂಗಿದರೆ ಕೂಗಲಿ.

ರಾಯಚೂರಿನವರು ಮುಂದಿನ ಸಲ ಬೆಂಗಳೂರಿಗೆ ಬಂದಾಗ ಬೋರ್ಡು ಬದಲಾಯಿಸಿಕೊಟ್ಟೆವು. ಬೆಲೆಯ ವ್ಯತ್ಯಾಸದಲ್ಲಿ ಅರ್ಧ ಅವರದು, ಅರ್ಧ ಅಂಗಡಿಯದು. ಯಜಮಾನರು ನನ್ನನ್ನೊಮ್ಮೆ ನೋಡಿದರು, ಏನೂ ಹೇಳಲಿಲ್ಲ. ವಾಪಸ್ ಬಂದ ಎಚ್610 ಬೋರ್ಡಿಗೆ ಒಂದು ಐ3-12100 ಹಾಕಿ ಬಿಲ್ಲಿಂಗ್ ಕೌಂಟರಿಗೆ ಇಟ್ಟಿದ್ದೀವಿ. ಬೆಳಗ್ಗೆಯಿಂದ ರಾತ್ರಿವರೆಗೆ ಓಡುತ್ತೆ, ಇವತ್ತಿನವರೆಗೂ ಒಂದು ದೂರಿಲ್ಲ.