ತೊಗರಿ ಕಟ್ಟಿಗೆಯ ಒಲೆ ಮತ್ತು ತೈಲ ಒಡೆಯುವ ವಿದ್ಯೆ

ಕಲಬುರಗಿಯಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಕಚ್ಚಾತೈಲದ ಅಧ್ಯಾಯ ಬಂದಾಗಲೆಲ್ಲ ದಾಲ್ ಮಿಲ್ಲು ನೆನಪಾಗುತ್ತದೆ. ತೈಲವನ್ನು ಗೋಪುರದಲ್ಲಿ ಬಟ್ಟಿ ಇಳಿಸುವುದು ಕಾಳನ್ನು ಜರಡಿ ಹಿಡಿದ ಹಾಗೆ. ಅಲ್ಲಿ ಬೇರ್ಪಡುವುದುಂಟು, ಒಡೆಯುವುದಿಲ್ಲ. ಪೆಟ್ರೋಲಿಗೆ ಸುಮಾರು 5ರಿಂದ 12 ಇಂಗಾಲ ಪರಮಾಣುಗಳ ಅಣುಗಳು ಬೇಕು, ತಳದ ಭಾರದ ಎಣ್ಣೆಯಲ್ಲಿರುವುದೋ 20, 30, ಅದಕ್ಕೂ ಮೀರಿದವು. ಅವನ್ನು ಒಡೆಯುವುದೇ ಕ್ರ್ಯಾಕಿಂಗ್. (ಬೇಳೆಯಂತೆ ಸರಿಯಾಗಿ ಎರಡು ಹೋಳಾಗುವ ಶಿಸ್ತು ಈ ಅಣುಗಳಿಗಿಲ್ಲ ಎಂಬುದನ್ನು ಹುಡುಗರಿಗೆ ಮೊದಲೇ ಹೇಳಿಬಿಡುತ್ತೇನೆ.)

ಅಮೆರಿಕದ ವಿಲಿಯಂ ಬರ್ಟನ್ 1913ರಲ್ಲಿ ಪೇಟೆಂಟ್ ಪಡೆದ ವಿಧಾನದಲ್ಲಿ ಶಾಖ ಮತ್ತು ಒತ್ತಡಗಳೇ ಎಲ್ಲ. ಬಳಿಕ ಫ್ರಾನ್ಸಿನ ಯೂಜೀನ್ ಹೌಡ್ರಿ ಕ್ರಿಯಾವರ್ಧಕ (ತಾನು ಖರ್ಚಾಗದೆ ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಬಳಸಿ ಇನ್ನೂ ಉತ್ತಮ ಪೆಟ್ರೋಲ್ ತೆಗೆದ. ಆದರೆ ಒಡೆಯುವಾಗ ಹುಟ್ಟುವ ಕೋಕ್ ಎಂಬ ಇಂಗಾಲದ ಮಸಿ ಕ್ರಿಯಾವರ್ಧಕದ ಮೈಗೆ ಮೆತ್ತಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತಿದ್ದುದರಿಂದ, ಆಗಾಗ ಎಣ್ಣೆ ನಿಲ್ಲಿಸಿ, ಗಾಳಿ ಹಾಯಿಸಿ ಮಸಿಯನ್ನು ಸುಡಬೇಕಾಗುತ್ತಿತ್ತು.

1942ರಲ್ಲಿ ಲೂಸಿಯಾನಾದ ಬ್ಯಾಟನ್ ರೂಜ್‌ನಲ್ಲಿ ಆರಂಭವಾದ ಘಟಕ ಈ ಪೀಡೆಯನ್ನೇ ಬಂಡವಾಳ ಮಾಡಿಕೊಂಡಿತು. ಅಲ್ಲಿ ಕ್ರಿಯಾವರ್ಧಕವು ನುಣ್ಣನೆಯ ಪುಡಿ. ಆವಿಯೊಡನೆ ದ್ರವದಂತೆ ಹರಿಯುತ್ತದೆ. ಇಂದಿನ ಘಟಕಗಳಲ್ಲಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ದಾಟಿದ ಕೊಳವೆಯೊಳಗೆ ಕೆಲವೇ ಸೆಕೆಂಡುಗಳಲ್ಲಿ ಎಣ್ಣೆ ಒಡೆದು, ಮಸಿ ಹಿಡಿದ ಪುಡಿ ಪಕ್ಕದ ಪಾತ್ರೆಗೆ ಹೋಗಿ, ಅಲ್ಲಿ 700 ಡಿಗ್ರಿಯ ಆಸುಪಾಸಿನಲ್ಲಿ ಮಸಿ ಉರಿದು ಶುದ್ಧವಾಗಿ, ಆ ಕಾವನ್ನು ಹೊತ್ತುಕೊಂಡೇ ಹೊಸ ಎಣ್ಣೆಯನ್ನು ಆವಿಯಾಗಿಸಿ ಒಡೆಯಲು ಮರಳುತ್ತದೆ. ನಮ್ಮ ಹಳ್ಳಿಯಲ್ಲಿ ರಾಶಿ ಮುಗಿದ ಮೇಲೆ ಒಟ್ಟಿಟ್ಟ ತೊಗರಿ ಕಟ್ಟಿಗೆಯಿಂದಲೇ ತೊಗರಿ ಬ್ಯಾಳಿ ಬೇಯಿಸುತ್ತಿದ್ದುದು ಇದೇ ಲೆಕ್ಕ.

ಮಂಗಳೂರಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ನಲ್ಲಿಯೂ ಇಂಥ ಘಟಕವಿದೆ. ಅದರಿಂದ ಬರುವ ಪ್ರೊಪಿಲೀನ್ ಎಂಬ ಅನಿಲ ಅಲ್ಲಿ ಪಾಲಿಪ್ರೊಪಿಲೀನ್ ಆಗುತ್ತದೆ. ವಾಡಿ, ಸೇಡಂ ಕಡೆಯ ಸಿಮೆಂಟ್ ತುಂಬುವ ಚೀಲಗಳನ್ನು ನೇಯುವುದು ಆ ಜಾತಿಯ ಪ್ಲಾಸ್ಟಿಕ್ಕಿನಿಂದಲೇ.

ಕಟ್ಟಿಗೆ ಹೆಚ್ಚಾದರೆ ಬ್ಯಾಳಿ ಸೀಯುವುದೂ ಉಂಟು. ಎಣ್ಣೆ ಹೆಚ್ಚು ಭಾರವಾದಷ್ಟೂ ಮಸಿ ಹೆಚ್ಚುತ್ತದೆ, ಮಸಿ ಸುಡುವ ಪಾತ್ರೆ ಮಿತಿಮೀರಿ ಕಾಯುತ್ತದೆ, ಪುಡಿಯೊಳಗೆ ಎಣ್ಣೆ ಒಡೆಯುವ ಕೆಲಸ ಮಾಡುವ ಜಿಯೋಲೈಟ್ ಎಂಬ ಹರಳುಗಳ ರಚನೆಯೇ ಕುಸಿಯತೊಡಗುತ್ತದೆ. ಹಾಗಾಗಿ ಅತಿ ಭಾರದ ಎಣ್ಣೆ ಒಡೆಯುವ ಅನೇಕ ಘಟಕಗಳಲ್ಲಿ ಪುಡಿಯನ್ನು ನೀರಿನ ಕೊಳವೆಗಳ ಮಗ್ಗುಲಲ್ಲಿ ಹಾಯಿಸಿ ತಣಿಸುತ್ತಾರೆ, ಹಾಗೆ ಎದ್ದ ಹಬೆಯನ್ನೂ ಸಂಸ್ಕರಣಾಗಾರದ ಕೆಲಸಕ್ಕೆ ಹಚ್ಚುತ್ತಾರೆ.