ಡಿಜಿಟಲ್ ಪುಸ್ತಕಕ್ಕೆ ಹಾಕಿದ ಟಿಪ್ಪಣಿ ಜಾಗ ತಪ್ಪದಂತೆ ನೋಡಿಕೊಳ್ಳುವುದು

ಆನ್‌ಲೈನ್ ಗ್ರಂಥಾಲಯದ ಪುಸ್ತಕಕ್ಕೆ ಹೈಪೊಥಿಸಿಸ್‌ನಂಥ ಸಾಧನದಿಂದ ಟಿಪ್ಪಣಿ ಬರೆದರೆ ಅದು ಪುಸ್ತಕದ ಫೈಲ್‌ನೊಳಗೆ ಹೋಗಿ ಕೂರುವುದಿಲ್ಲ. ಬೇರೆ ಸರ್ವರ್‌ನಲ್ಲಿದ್ದು, ಪುಟ ತೆರೆದಾಗಲೆಲ್ಲ ತನ್ನ ಜಾಗ ಹುಡುಕಿಕೊಂಡು ಬರುತ್ತದೆ. ಅದರ ಜೊತೆಗಿರುವ ಗುರುತು ಗಟ್ಟಿಯಾಗಿದ್ದಷ್ಟು ದಿನ ಅದು ಬಾಳುತ್ತದೆ.

ವೆಬ್‌ನ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯು3ಸಿ 2017ರಲ್ಲಿ ಹೊರತಂದ ವೆಬ್ ಟಿಪ್ಪಣಿ ಮಾನದಂಡದಲ್ಲಿ ಇಂಥ ಗುರುತುಗಳು ಹಲವು ಬಗೆ. ಒಂದು, ಪಠ್ಯದ ಆರಂಭದಿಂದ ಎಷ್ಟನೇ ಅಕ್ಷರ ಎಂಬ ಎಣಿಕೆ. ಮೇಲೆಲ್ಲೋ ಒಂದು ಕಾಗುಣಿತ ತಿದ್ದಿದರೂ ಈ ಎಣಿಕೆ ಸರಿದುಹೋಗಬಹುದು. ಇನ್ನೊಂದು, ಆಯ್ದ ಸಾಲು ಮತ್ತು ಅದರ ಹಿಂದುಮುಂದಿನ ಒಂದಿಷ್ಟು ಪಠ್ಯ. ಹೈಪೊಥಿಸಿಸ್ ಎರಡನ್ನೂ ಉಳಿಸಿಕೊಳ್ಳುತ್ತದೆ; ಎಣಿಕೆ ತಪ್ಪಿದರೆ ಸಾಲನ್ನು ಹುಡುಕುತ್ತದೆ, ಅಲ್ಪಸ್ವಲ್ಪ ವ್ಯತ್ಯಾಸವಿದ್ದರೂ ಹಿಡಿಯುತ್ತದೆ. ಹಾಗಾಗಿ 'ಆದರೆ' ಎಂಬ ಒಂದೇ ಪದ ಆಯ್ದು ಟಿಪ್ಪಣಿ ಹಾಕಬೇಡಿ. ಎಂಟು ಹತ್ತು ಪದಗಳ ತುಂಡು ಆಯ್ದುಕೊಳ್ಳಿ. ಪಿಡಿಎಫ್‌ನಲ್ಲಾದರೆ ಆಯ್ಕೆ ಒಂದು ಪುಟ ದಾಟಿ ಮುಂದಿನದಕ್ಕೆ ಹೋಗಕೂಡದು.

ಕನ್ನಡ ಪಠ್ಯಕ್ಕೆ ಇಲ್ಲೊಂದು ವಿಶೇಷ ತೊಡಕಿದೆ. 'ಕೋ' ಎಂಬುದನ್ನು ಯೂನಿಕೋಡ್‌ನಲ್ಲಿ ಕ ಮತ್ತು ಒಂದು ಸ್ವರಚಿಹ್ನೆಯಾಗಿ ಬರೆಯಬಹುದು. ಕ ಮತ್ತು ಮೂರು ಬಿಡಿ ಚಿಹ್ನೆಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. 'ಸಾಫ್ಟ್‌ವೇರ್' ಪದದ ನಡುವೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಅಕ್ಷರ ಬೇರೆ ಕೂತಿರುತ್ತದೆ. ಒಂದು ಆವೃತ್ತಿಯಲ್ಲಿ ಅದಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಚಿಕ್ಕ ಆಯ್ಕೆ ಹೊಂದಿಕೆಯಾಗದೇ ಹೋಗಬಹುದು. ಗ್ರಂಥಾಲಯ ನಡೆಸುವವರು ಪಠ್ಯವನ್ನು, ಬಿಡಿ ಚಿಹ್ನೆಗಳನ್ನು ಕೂಡಿಸಿ ಒಂದೇ ಚಿಹ್ನೆ ಮಾಡುವ ಎನ್‌ಎಫ್‌ಸಿ ಎಂಬ ಯೂನಿಕೋಡ್ ರೂಪಕ್ಕೆ ತಂದೇ ಪ್ರಕಟಿಸಬೇಕು. ಆದರೆ ಎನ್‌ಎಫ್‌ಸಿ ಈ ಕಾಣದ ಅಕ್ಷರಗಳನ್ನು ಮುಟ್ಟುವುದಿಲ್ಲ. ಟಿಪ್ಪಣಿಯ ಗುರುತನ್ನು ಪುಸ್ತಕದ ಪಠ್ಯದೊಂದಿಗೆ ಹೋಲಿಸುವಾಗ ಎರಡೂ ಕಡೆ ಅವನ್ನು ತೆಗೆದೇ ಹೋಲಿಸಬೇಕು. ಇಷ್ಟು ಸಣ್ಣ ಕೆಲಸ ಬಿಟ್ಟುಹೋದರೆ ಓದುಗರ ಶ್ರಮವೆಲ್ಲ ನೀರುಪಾಲಾಗುತ್ತದೆ ಎನ್ನುವುದು ನಿಜಕ್ಕೂ ಬೇಸರದ ಸಂಗತಿ.

ಸ್ಕ್ಯಾನ್ ಪುಸ್ತಕವಾದರೆ ಮೊದಲು ಒಂದು ಸಾಲಿನ ಮೇಲೆ ಮೌಸ್ ಎಳೆದು ನೋಡಿ. ಪದಗಳು ಆಯ್ಕೆಯಾಗದಿದ್ದರೆ ಅದು ಬರೀ ಚಿತ್ರ. ಆಯ್ಕೆಯಾದರೆ ನಕಲಿಸಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಅಡಿಯಲ್ಲಿರುವ ಒಸಿಆರ್ ಪಠ್ಯದ, ಅಂದರೆ ಚಿತ್ರದಿಂದ ಕಂಪ್ಯೂಟರ್ ಓದಿ ತೆಗೆದ ಅಕ್ಷರಗಳ, ನಿಜಬಣ್ಣ ಆಗ ತಿಳಿಯುತ್ತದೆ. ಒತ್ತಕ್ಷರ ಕಲಸಿಹೋಗಿದ್ದರೆ ಸರಿಯಾದ ಸಾಲನ್ನು ಟಿಪ್ಪಣಿಯೊಳಗೇ ಟೈಪ್ ಮಾಡಿಡಿ. ಮುಂದೆ ಗ್ರಂಥಾಲಯ ಹೊಸದಾಗಿ ಒಸಿಆರ್ ನಡೆಸಿದರೆ ಹಳೆಯ ಗುರುತು ಸಿಗದೆ ಟಿಪ್ಪಣಿ 'ಆರ್ಫನ್ಸ್' ಪಟ್ಟಿಗೆ ಬೀಳಬಹುದು. ಬರಹ ಅಳಿಯುವುದಿಲ್ಲ, ಜಾಗ ಮಾತ್ರ ಕಳೆದುಹೋಗಿರುತ್ತದೆ. ಅಧ್ಯಾಯ, ಮುದ್ರಿತ ಪುಟಸಂಖ್ಯೆ, ಆವೃತ್ತಿಯ ವರ್ಷ ಬರೆದಿಟ್ಟಿದ್ದರೆ ಯಾರಾದರೂ ಅದರ ಜಾಗವನ್ನು ಮತ್ತೆ ಹುಡುಕಿಕೊಳ್ಳಬಹುದು. ಸ್ಕ್ಯಾನ್‌ನ ಪುಟಸಂಖ್ಯೆಯೊಂದನ್ನೇ ನಂಬಬೇಡಿ. ಮುಖಪುಟ, ಮುನ್ನುಡಿ ಸೇರಿ ಅದು ಮುದ್ರಿತ ಸಂಖ್ಯೆಗಿಂತ ಮುಂದಿರುತ್ತದೆ.

ಹಸ್ತಪ್ರತಿಯ ಚಿತ್ರಗಳಿಗೆ ದಾರಿಯೇ ಬೇರೆ. ಗ್ರಂಥಾಲಯಗಳು ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಹಂಚಿಕೊಳ್ಳಲು ಬಳಸುವ ಟ್ರಿಪಲ್-ಐ-ಎಫ್ (IIIF) ವಿಧಾನದಲ್ಲಿ ಪುಟದ ಮೇಲೊಂದು ಚೌಕಟ್ಟು ಎಳೆದರೆ ಎಡದಿಂದ ದೂರ, ಮೇಲಿಂದ ದೂರ, ಅಗಲ, ಎತ್ತರ ಎಂಬ ನಾಲ್ಕು ಸಂಖ್ಯೆಗಳೇ ಗುರುತು.

ಇಪಬ್ ಎಂಬ ಬಗೆಯ ಇ-ಪುಸ್ತಕದಲ್ಲಿ ಸಿಎಫ್‌ಐ ಎಂಬ ವಿಳಾಸ ಇಷ್ಟನೇ ಅಧ್ಯಾಯ, ಇಷ್ಟನೇ ಪ್ಯಾರಾ, ಇಷ್ಟನೇ ಅಕ್ಷರ ಎಂದು ಎಣಿಸುತ್ತದೆ. ಪ್ರಕಾಶಕರು ನಡುವೆ ಒಂದು ಪ್ಯಾರಾ ಸೇರಿಸಿದರೆ ಅದೂ ತಪ್ಪಬಹುದು.

ಪ್ರಕಟಿಸುವ ಮುನ್ನ ಬಟನ್ ಮೇಲೇನಿದೆ ನೋಡಿ. ಹೈಪೊಥಿಸಿಸ್‌ನ 'ಪಬ್ಲಿಕ್' ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದು ಸಿಸಿ0 ಅಡಿ ಬರುತ್ತದೆ, ಅಂದರೆ ಯಾರು ಬೇಕಾದರೂ ಬಳಸಬಹುದು. ಖಾಸಗಿ ಓದಿಗೆ 'ಓನ್ಲಿ ಮಿ' ಆರಿಸಿ. ಎರವಲು ಪಡೆದ ಇ-ಪುಸ್ತಕವನ್ನು ಆ್ಯಪ್‌ನಲ್ಲೇ ಓದಿ ಅಲ್ಲೇ ಟಿಪ್ಪಣಿ ಬರೆದಿದ್ದರೆ, ಅವಧಿ ಮುಗಿಯುವ ಮೊದಲೇ ಅವನ್ನು ರಫ್ತು ಮಾಡಿಟ್ಟುಕೊಳ್ಳಿ.