ತೇರಿನೊಳಗೆ ಕುಳಿತವನು

ಶಿವರಾತ್ರಿಯ ಮರುದಿನ ಹುಬ್ಬಳ್ಳಿಯ ಸಿದ್ಧಾರೂಢ ಮಠದ ತೇರಿಗೆ ಉತ್ತತ್ತಿ, ಬಾಳೆಹಣ್ಣು ಎಸೆದು ಕೈಮುಗಿದು ಬಂದರೆ ಅರ್ಧ ಹಬ್ಬ ಮುಗಿದಂತೆ. ಉಳಿದರ್ಧ ಮನೆಯಲ್ಲಿ ಕುಳಿತು ಮಾಡುವಂಥದ್ದು. ಆರೂಢರು ಬೋಧಿಸಿದ್ದು ಅದ್ವೈತ. ಹಾಗಾಗಿ ಆ ತೇರನ್ನು ಕಠೋಪನಿಷತ್ತಿನ ರಥದೊಂದಿಗೆ ಇಟ್ಟು ನೋಡುವುದು ಸಹಜ.

ಆ ಉಪನಿಷತ್ತಿನ ಮೊದಲ ಅಧ್ಯಾಯದ ಮೂರನೆಯ ವಲ್ಲಿಯಲ್ಲಿ, ಅಂದರೆ ಭಾಗದಲ್ಲಿ, 3 ಮತ್ತು 4ನೆಯ ಮಂತ್ರಗಳಲ್ಲಿ, ಯಮ ತನ್ನನ್ನು ಪ್ರಶ್ನಿಸಿದ ಬಾಲಕ ನಚಿಕೇತನಿಗೆ ಹೇಳುತ್ತಾನೆ: ಆತ್ಮ ರಥದ ಒಡೆಯ, ಶರೀರ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ಇಂದ್ರಿಯಗಳನ್ನು ಸೆಳೆಯುವ ವಿಷಯಗಳು ದಾರಿ. ಕಳಸ ಏನು, ಬಾವುಟ ಏನು ಎಂದು ಬೆಳೆಸುತ್ತ ಹೋಗಬೇಡಿ. ಮಂತ್ರ ಹೇಳಿದ್ದು ಆರೇ.

ಬಹಳ ಮಂದಿ ಎಡವುವುದು ಲಗಾಮಿನಲ್ಲಿ. ಜಪಕ್ಕೆ ಕುಳಿತಾಗ ಮನಸ್ಸು ಓಡಿತೆಂದು ಮನಸ್ಸನ್ನೇ ಬೈಯುತ್ತಾರೆ. ಜೋತುಬಿದ್ದ ಲಗಾಮನ್ನು ಬೈದು ಏನು ಫಲ? ಸಡಿಲಾದದ್ದು ಹಿಡಿದ ಕೈ. ನಮ್ಮ ತೇರನ್ನೇ ನೋಡಿ. ಹಗ್ಗ ಹಿಡಿದ ಜನ ಎಷ್ಟು ಜೋರಾಗಿ ಎಳೆದರೂ ದಿಕ್ಕು ತಿದ್ದುವವರು ಗಾಲಿಯ ಬುಡಕ್ಕೆ ಕಟ್ಟಿಗೆಯ ತುಂಡು ಕೊಡುವ ಕೆಲವೇ ಮಂದಿ. ಬುದ್ಧಿಯ ಕೆಲಸ ಅಂಥದ್ದು. ಕುದುರೆಗಳನ್ನು ದ್ವೇಷಿಸುವುದೂ ತಪ್ಪು. ಅವಿಲ್ಲದೆ ರಥ ಕದಲದು. ಪಳಗಿದ ಕುದುರೆ, ಪಳಗದ ಕುದುರೆ ಎಂಬ ಭೇದವನ್ನಷ್ಟೇ 5, 6ನೆಯ ಮಂತ್ರಗಳು ಹೇಳುತ್ತವೆ. ಗೋಡೆಯ ಮೇಲಿನ ಗೀತೋಪದೇಶದ ಚಿತ್ರವನ್ನೂ ಇಲ್ಲಿಗೆ ತರಬಾರದು. ಅಲ್ಲಿ ಭಗವಂತನೇ ಸಾರಥಿ, ಇಲ್ಲಿ ಸಾರಥಿ ಬುದ್ಧಿ, ಆತ್ಮ ಒಳಗೆ ಕುಳಿತ ಒಡೆಯ.

ಮನೆಯಲ್ಲಿ ಮಾಡುವ ಆ ಉಳಿದರ್ಧ ಇದು: ಬೆಳಿಗ್ಗೆ ಸ್ನಾನವಾದ ಮೇಲೆ ಹದಿನೈದು ನಿಮಿಷ ಕುಳಿತು, ದಿನಕ್ಕೊಂದು ಅಂಗವನ್ನು ನೋಡಿಕೊಳ್ಳುವುದು. ಮೊದಲ ದಿನ ದಾರಿ: ಇಂದು ಯಾವ್ಯಾವುದು ಎಳೆಯುತ್ತಿದೆ? ಎರಡನೆಯ ದಿನ ಕುದುರೆ: ಕಣ್ಣೋ, ಕಿವಿಯೋ, ನಾಲಿಗೆಯೋ? ಆಮೇಲೆ ರಥ, ಲಗಾಮು, ಸಾರಥಿ. ಪ್ರತಿಯೊಂದಕ್ಕೂ ಒಂದೇ ಮಾತು: ಇದು ನನಗೆ ಗೊತ್ತಾಗುತ್ತಿದೆ, ಹಾಗಾದರೆ ಗೊತ್ತುಮಾಡಿಕೊಳ್ಳುವವನು ಇದಲ್ಲ. ಐದನೆಯ ದಿನ ಇದು ಕಷ್ಟವೆನಿಸುತ್ತದೆ, ಏಕೆಂದರೆ ಬುದ್ಧಿಯನ್ನೇ ನಾವು 'ನಾನು' ಎಂದುಕೊಂಡಿರುತ್ತೇವೆ. ಅಲ್ಲಿ ಎರಡು ದಿನ ಹೆಚ್ಚು ನಿಂತರೂ ಸರಿ.

ಕೊನೆಯ ದಿನ ನೋಡಲು ಅಂಗವೇನೂ ಉಳಿದಿರುವುದಿಲ್ಲ. ಸುಮ್ಮನೆ ಕೂಡಬೇಕು. ಬೆಳಕು ಕಂಡಿತು, ಮೂರ್ತಿ ಕಂಡಿತು ಎನ್ನಿಸಿದರೆ ಹಿಗ್ಗಬೇಡಿ. ಕಂಡದ್ದೆಲ್ಲ ದಾರಿಯ ಲೆಕ್ಕಕ್ಕೇ ಸೇರುತ್ತದೆ. ಏನೂ ಕಾಣಲಿಲ್ಲವೆಂದು ಅಳುಕುವುದೂ ಬೇಡ. ಕಾಣಲಿಲ್ಲ ಎಂಬುದನ್ನು ಅರಿತವನು ಅಲ್ಲೇ ಕುಳಿತಿದ್ದಾನೆ.